ಗೌಡರು ನೋಡಿದ ಜೀವಕೋಶ

ಅವತ್ತು ಗೌಡರು ಕಣ್ಣಿಟ್ಟು ನೋಡಿದ್ದು ನನ್ನ ಜೀವಕೋಶಗಳನ್ನಲ್ಲ, ಹುಲಿಗೆಮ್ಮ. ನಿನ್ನವನ್ನು. "ನಂದ್ರಿ" ಅಂತ ನಾನು ಹೇಳಿದ್ದು ಶುದ್ಧ ಸುಳ್ಳು. ಇದು ನಿನಗೆ ಗೊತ್ತಿರುವ ವಿಷಯವೇ — ಆದರೆ ನನ್ನ ಬಾಯಿಂದ ನೀನು ಕೇಳಿಲ್ಲ. ಇಷ್ಟು ವರ್ಷ ನಾನು ಹೇಳಲಿಲ್ಲ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಗದೇ ಹೋಗಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ. ಮಗಳ ಜೊತೆ ಮಾಗಳದ ಬಸ್ಸಿಗೆ ಕಾಯುತ್ತಿದ್ದವಳು ನನ್ನನ್ನು ಕಂಡದ್ದೇ ತಡ, ಚೀಲ ಅಲ್ಲೇ ಬಿಟ್ಟು ಓಡಿ ಬಂದಿ. "ನೋಡವ್ವ, ನಾ ಹೇಳತಿದ್ನಲ್ಲ, ನನ್ನ ಜೀವಕೋಶ ನನಗ ತೋರಿಸಿದ ಟೀಚರ್ ಇವರ" ಅಂತ ಮಗಳಿಗೆ ಹೇಳಿದಿ. ಹುಡುಗಿ ನನ್ನ ಕಾಲು ಮುಟ್ಟಿದಳು. ನಾನು ಸುಮ್ಮನೆ ಮುಟ್ಟಿಸಿಕೊಂಡೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಹಂಪಸಾಗರದ ಹೈಸ್ಕೂಲಿಗೆ ನಾನು ಬಂದ ಮೊದಲ ವರ್ಷ ಅದು, ತೊಂಬತ್ತರ ದಶಕದ ಆರಂಭ. ನೀನು ಒಂಬತ್ತನೇ ತರಗತಿ. ಜೀವಕೋಶದ ಪಾಠಕ್ಕೆ ನಮ್ಮಲ್ಲಿ ಇದ್ದದ್ದು ಕರಿಹಲಗೆ, ಬಣ್ಣದ ಸೀಮೆಸುಣ್ಣ, ಅಷ್ಟೇ. ನಾನೋ ಹಠಮಾರಿ. ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಕಾಡಿ ಬೇಡಿ, ಒಂದು ದಿನದ ಮಟ್ಟಿಗೆ ಸೂಕ್ಷ್ಮದರ್ಶಕ ತಂದೆ — ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು.

ಮೊದಲು ಉಳ್ಳಾಗಡ್ಡಿಯ ಪೊರೆ ತೋರಿಸಿದೆ. ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತಿತ್ತು. ಗಿಡದ ಜೀವಕೋಶಕ್ಕೆ ಗೋಡೆ ಇರುತ್ತೆ, ನಮ್ಮದಕ್ಕೆ ಇರೋದಿಲ್ಲ ಅಂತ ನಾನು ಅಂದರೆ ನೀವು ಯಾರೂ ನಂಬಲಿಲ್ಲ. ಹಾಗಾದರೆ ನೋಡೇ ಬಿಡೋಣ, ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯಿಂದ ಕೆನ್ನೆಯ ಒಳಗೆ ಮೆಲ್ಲಗೆ ಕೆರೆದು ಕೊಡಿ, ಯಾರು ಬರ್ತೀರಿ ಅಂದೆ. "ಛೀ, ಎಂಜಲ ಟೀಚರ್!" ಅಂತ ಹುಡುಗರು ನಕ್ಕರು. ಹುಡುಗಿಯರು ಬಾಯಿ ಮುಚ್ಚಿಕೊಂಡರು. ಎದ್ದವಳು ನೀನೊಬ್ಬಳೇ. ಊರ ಹೊರಗಿನ ಕೇರಿಯ ಹುಡುಗಿ, ಯಾವಾಗಲೂ ಹಿಂದಿನ ಸಾಲು, ಕೇಳಿದರಷ್ಟೇ ಮಾತು. ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಕಡ್ಡಿ ಹಿಡಿದಿ.

ಅದನ್ನು ಗಾಜಿನ ಪಟ್ಟಿಗೆ ಸವರಿ, ಒಂದು ಹನಿ ನೀಲಿ ಬಣ್ಣ ಬಿಟ್ಟು, ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಆಹಾ — ತೆಳುನೀಲಿ ಕೋಶಗಳು, ಒಂದೊಂದರ ನಡುವೆ ಕಡುನೀಲಿ ಚುಕ್ಕೆ, ಕೋಶಕೇಂದ್ರ! ನಾನು ಓದುವಾಗಲೂ ಅಷ್ಟು ಚಂದ ನೋಡಿರಲಿಲ್ಲ. ಬಾ, ಮೊದಲು ನೀನೇ ನೋಡು ಅನ್ನಬೇಕು, ಅಷ್ಟರಲ್ಲಿ —

ಹೆಡ್‌ಮಾಸ್ತರ ಜೊತೆ ಗೌಡರು ಬಂದರು. ಶಾಲಾ ಕಮಿಟಿಯ ಅಧ್ಯಕ್ಷರು. ನಾನಿದ್ದ ಬಾಡಿಗೆ ಕೋಣೆಯೂ ಅವರದೇ. ಶಾಲೆಗೊಂದು ಸೂಕ್ಷ್ಮದರ್ಶಕ ಕೊಡಿಸ್ರಿ ಅಂತ ನಾನು ಬೆನ್ನು ಹತ್ತಿದ್ದಕ್ಕೆ, ಮೊದಲು ಅದರಲ್ಲಿ ಏನು ಕಾಣುತ್ತೋ ನೋಡ್ತೀನಿ ಅಂದಿದ್ದರು. ಕೆನ್ನೆಯ ಒಳಗಿಂದ ಕೆರೆದದ್ದು ಅಂತ ನಾನು ಹೇಳಿದ್ದೇ ತಡ, ಕಣ್ಣಿಡಲು ಬಗ್ಗಿದವರು ಅರ್ಧಕ್ಕೇ ತಲೆ ಎತ್ತಿದರು.

"ಯಾರದವ್ವ ಈ ಎಂಜಲ?"

ನೀನು ನನ್ನ ಪಕ್ಕದಲ್ಲೇ ನಿಂತಿದ್ದಿ, ಕಡ್ಡಿ ಇನ್ನೂ ಕೈಯಲ್ಲೇ.

"ನಂದ್ರಿ."

ಗೌಡರ ಮುಖ ಅರಳಿತು. ಬಹಳ ಹೊತ್ತು ನೋಡಿದರು. "ಐನೋರ ಮನಿ ಹೆಣ್ಣುಮಗಳು ನೋಡ್ರಿ, ಒಳಗೂ ಎಂಥಾ ಕಳೆ ಐತಿ!" ಅಂತ ಹೆಡ್‌ಮಾಸ್ತರಿಗೆ ಹೇಳಿದರು. ಮಕ್ಕಳಲ್ಲಿ ಒಬ್ಬರೂ "ಅಲ್ಲ" ಅನ್ನಲಿಲ್ಲ. ಟೀಚರ್ ಯಾಕೆ ಹಾಗಂದರು ಅಂತ ಆಮೇಲೂ ಕೇಳಲಿಲ್ಲ. ಕೋಶಕೇಂದ್ರ ಅಂದರೇನು ಅಂತ ಹತ್ತು ಸಲ ಹೇಳಿಸಿಕೊಂಡ ಮಕ್ಕಳಿಗೆ ಇದು ಮಾತ್ರ ಹೇಳದೆಯೇ ತಿಳಿದಿತ್ತು. ನೀನು ಕಡ್ಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿನ್ನ ಸಾಲಿಗೆ ಹೋಗಿ ಕೂತಿ. ಮಾಸ್ತರುಗಳು ನೋಡಿದರು, ಮುಂದಿನ ಸಾಲಿನವರು ನೋಡಿದರು, ಗಂಟೆ ಹೊಡೆಯಿತು. ನಿನ್ನ ಸರದಿ ಬರಲೇ ಇಲ್ಲ. ಸಂಜೆಯ ಬಸ್ಸಿಗೆ ಸೂಕ್ಷ್ಮದರ್ಶಕ ವಾಪಸ್ ಹೋಯಿತು.

ಶಾಲೆಗೆ ಬರುವ ಸೂಕ್ಷ್ಮದರ್ಶಕ ಕೈತಪ್ಪಬಾರದು, ಅದಕ್ಕೇ ಹಾಗಂದೆ — ಹೀಗಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. "ಹುಲಿಗೆಮ್ಮಂದ್ರಿ" ಅಂದಿದ್ದರೆ ಗೌಡರು ಎದ್ದು ಹೋಗುತ್ತಿದ್ದರೋ, ಇರಲಿ ಬಿಡು ಅಂತ ನೋಡುತ್ತಿದ್ದರೋ — ಯಾರಿಗೆ ಗೊತ್ತು? ಅವರಿಗೂ ನಾನು ಅವಕಾಶ ಕೊಡಲಿಲ್ಲ. ಹೆದರಿದವಳು ನಾನು. ಎಲ್ಲ ಮನುಷ್ಯರ ಜೀವಕೋಶವೂ ಒಂದೇ ಅಂತ ಅವತ್ತು ಬೆಳಿಗ್ಗೆ ಹಲಗೆಯ ಮೇಲೆ ಬರೆದವಳೂ ನಾನೇ. ಥೂ.

ದೀಪಾವಳಿ ಕಳೆದ ಮೇಲೆ ಗೌಡರು ಕೊಡಿಸಿದ ಸೂಕ್ಷ್ಮದರ್ಶಕ ಬಂತು. ಪೆಟ್ಟಿಗೆ ಬಿಚ್ಚಿದೆ, ಆದರೆ ಯಾರು ಬರ್ತೀರಿ ಅಂತ ಕೇಳಲು ಬಾಯೇ ಬರಲಿಲ್ಲ. ನೀನೇ ಎದ್ದು ಬಂದಿ. ಬಾಯಿ ಮುಕ್ಕಳಿಸಿಕೊಂಡೇ ಬಂದಿದ್ದಿ, ಗದ್ದದ ಮೇಲೆ ಇನ್ನೂ ನೀರಿತ್ತು. ಕಡ್ಡಿ ನನ್ನ ಕೈಗಿಟ್ಟು, ನನಗಷ್ಟೇ ಕೇಳುವ ಹಾಗೆ ಹೇಳಿದಿ:

"ಇವತ್ತಾದ್ರೂ ನಂದನ್ನ ನಂದಂತ ಹೇಳ್ರಿ, ಟೀಚರ್."

ಅದರಲ್ಲಿ ಸಿಟ್ಟಿರಲಿಲ್ಲ. ಬೇಡುವ ದನಿಯೂ ಅಲ್ಲ ಅದು. ವರಾಂಡದಾಚೆಗೂ ಕೇಳುವ ಹಾಗೆ ನಾನು "ಇವು ಹುಲಿಗೆಮ್ಮನ ಜೀವಕೋಶಗಳು" ಅಂದೆ. ಮೊದಲು ನೀನೇ ನೋಡಿದಿ. "ಯವ್ವಾ, ಇವೆಲ್ಲಾ ನನ್ನವೇನ್ರಿ?" ಅಂತ ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಮೇಲೆ ಎಲ್ಲರೂ ನೋಡಿದರು. ಹಿಂದೇಟು ಹಾಕಿದ ಒಬ್ಬಿಬ್ಬರನ್ನು ಕಿವಿ ಹಿಡಿದು ತಂದು ನೋಡಿಸಿದೆ.

ನನ್ನನ್ನು ಟೀಚರ್ ಮಾಡಿದ್ದು ನಿನ್ನ ಆ ಒಂದು ಮಾತು, ಹುಲಿಗೆಮ್ಮ. ಆಮೇಲೆ ಯಾವ ಮಗುವಿನದನ್ನೂ ನಾನು ಇನ್ನೊಬ್ಬರ ಹೆಸರಲ್ಲಿ ತೋರಿಸಿಲ್ಲ. ಹಿಂದಿನ ಸಾಲಿನವರನ್ನು ಮೊದಲು ಕರೆಯೋದನ್ನು ಕಲಿತದ್ದೂ ನಿನ್ನಿಂದಲೇ. ಒಳ್ಳೆ ಟೀಚರ್ ಅಂತ ಯಾರಾದರೂ ಅಂದರೆ ನನಗೆ ನೀನೇ ನೆನಪಾಗುತ್ತಿ. ಬಸ್ ಸ್ಟ್ಯಾಂಡಿನಲ್ಲಿ ಕೈ ಮುಗಿಯಬೇಕಾದವಳು ನಾನಾಗಿದ್ದೆ.

ಆದರೆ ಮೊದಲ ದಿನದ ಸುಳ್ಳು ಹಾಗೇ ಉಳಿಯಿತು. ಅದನ್ನೇ ನಂಬಿಕೊಂಡು ಗೌಡರು ತೀರಿಹೋದರು. ಪ್ರತಿ ವಾರ್ಷಿಕೋತ್ಸವದಲ್ಲೂ ಯಾರಾದರೂ ಎದ್ದು, ಟೀಚರ್ ತಮ್ಮದೇ ಜೀವಕೋಶ ತೋರಿಸಿ ಶಾಲೆಗೆ ಸೂಕ್ಷ್ಮದರ್ಶಕ ತಂದರು ಅಂತ ಹೇಳುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ತಲೆ ತಗ್ಗಿಸಿ ಕೂರುತ್ತೇನೆ — ಅದನ್ನು ವಿನಯ ಅಂದುಕೊಳ್ಳುತ್ತಾರೆ.

ನನಗೀಗ ಹಡಗಲಿಗೆ ವರ್ಗವಾಗಿದೆ. ಶನಿವಾರ ಶಾಲೆಯಲ್ಲಿ ಬೀಳ್ಕೊಡುಗೆ. ಗೌಡರ ಮಗ ಶಾಲು ಹೊದಿಸುತ್ತಾರಂತೆ. ಆ ಕಥೆ ಮತ್ತೆ ಬರುತ್ತೆ. ಶಾಲು ಹೊದಿಸುವ ಮೊದಲೇ ನಾನು ಎದ್ದು ನಿಂತು ನಿನ್ನ ಹೆಸರು ಹೇಳುತ್ತೇನೆ. ನೀನು ಬಾ ಅಂತ ಕರೆಯೋ ಮುಖ ನನಗಿಲ್ಲ. ಬರೋದಾದರೆ, ಮಗಳನ್ನೂ ಕರಕೊಂಡು ಬಾ. ನನ್ನ ಮರ್ಯಾದೆ ಕಾಯಲು ಅವಳಿಗೆ ನೀನು ಅರ್ಧ ಕಥೆಯಷ್ಟೇ ಹೇಳಿದ್ದೀಯ — ಉಳಿದರ್ಧವನ್ನು ಅವಳ ಮುಂದೆ ನಾನೇ ಹೇಳಬೇಕು.