ಹಿಟ್ಟಿನಲ್ಲಿ ಬರೆದ ಜೀವಕೋಶ

ನನ್ನ ಬಾಯಿಗೆ ಆವತ್ತು ಬೀಗ ಬೀಳಬೇಕಿತ್ತು. ಹುಕ್ಕೇರಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು ನಾನು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಕರಗುವುದಿಲ್ಲ. ಆ ರವಿವಾರ ಕೈಗೆ ಸಿಕ್ಕವಳು ಮೂಡಲಗಿಯ ನನ್ನ ಅಕ್ಕ.

ಅಕ್ಕನಿಗೆ ಬಿಪಿ ಇತ್ತು. ಮುಂಜಾನೆ ಲಿಂಗಪೂಜೆ ಮುಗಿಯುವವರೆಗೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಪೂಜೆಯಾದ ಮೇಲೆ ಲಿಂಗಕ್ಕೆರೆದ ನೀರನ್ನು, ಅಂದರೆ ಕರುಣೋದಕವನ್ನು ಕುಡಿದು, ಆಮೇಲೆ ಗುಳಿಗೆ. ಒಂದು ದಿನವೂ ತಪ್ಪಿಸಿದವಳಲ್ಲ. ಗುಳಿಗೆ ತಂದುಕೊಡುವವನು ನಾನೇ.

ಆಕೆ ರೊಟ್ಟಿ ಬಡಿಯಲು ಕೂತಿದ್ದಳು. ಮುಂದಿದ್ದ ಅಗಲ ತಟ್ಟೆ, ಪರಾತದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಒಂದು ದುಂಡು ಎಳೆದೆ, ಅದರೊಳಗೆ ಇನ್ನೊಂದು ಸಣ್ಣದು. ದೊಡ್ಡದು ಜೀವಕೋಶ, ಸಣ್ಣದು ಅದರ ಕೇಂದ್ರ. ಬಿಪಿ ಏರಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಬಂದು ಕೋಶದ ಬಾಗಿಲು ಬಡಿಯುತ್ತದೆ, ನಿನ್ನ ಗುಳಿಗೆ ಆ ಬಾಗಿಲು ಮುಚ್ಚುತ್ತದೆ ಎಂದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಕೆಲವು ಕೋಶಗಳು ಆ ಹಾರ್ಮೋನನ್ನು ತಮ್ಮೊಳಗೇ ತಯಾರಿಸಿಕೊಳ್ಳುತ್ತವೆ, ಅದು ಕೇಂದ್ರದವರೆಗೂ ಹೋಗಿ ಜೀನುಗಳನ್ನು ಕೆಣಕುತ್ತದೆ, ಮೂತ್ರಪಿಂಡ ಒಣಗಿ ಗಟ್ಟಿಯಾಗುವುದಕ್ಕೆ ಅದೂ ಕಾರಣವಿರಬಹುದು, ಅಲ್ಲಿಗೆ ಗುಳಿಗೆ ಎಷ್ಟು ಮುಟ್ಟುತ್ತದೋ ಸರಿಯಾಗಿ ಗೊತ್ತಿಲ್ಲ ಎಂದೂ ಹೇಳಿದೆ. ದೊಡ್ಡ ಪಂಡಿತ!

"ಹಂಗಾದ್ರ ಕಳ್ಳ ಮನಿ ಒಳಗ ಅದಾನಂದಂಗಾತು," ಎಂದಳು ಅಕ್ಕ. "ಹೊರಗ ಅಗಳಿ ಹಾಕಿ ಏನ್ ಮಾಡೂದು ತಮ್ಮಾ?"

"ಭಾಳ ಶಾಣ್ಯಾಕಿ ಆದಿ ನೋಡವಾ," ಎಂದು ನಕ್ಕೆ. ಆಕೆಯೂ ನಕ್ಕಳು. ನನ್ನ ದುಂಡುಗಳ ಮೇಲೆ ನೀರು ಸುರಿದು ಹಿಟ್ಟು ನಾದತೊಡಗಿದಳು.

ಎರಡು ದೀಪಾವಳಿ ಕಳೆದವು. ತಿಂಗಳಿಗೊಮ್ಮೆ ಗುಳಿಗೆ ಒಯ್ಯುತ್ತಿದ್ದೆ. "ತಪ್ಪಸದ ತಗೋತೀ ಇಲ್ಲೋ?" ಎಂದರೆ "ಪೂಜಿ ಯಾವತ್ತರ ತಪ್ಪಿಸೇನೇನು?" ಎನ್ನುತ್ತಿದ್ದಳು. ಅದನ್ನೇ ಹೌದು ಎಂದುಕೊಂಡೆ. ಆಮೇಲೆ ಕಾಲು ಬಾತವು, ಮುಖ ಬಾತಿತು. ಎರಡೂ ಮೂತ್ರಪಿಂಡ ಹೋಗಿವೆ ಎಂದರು ಗೋಕಾಕಿನ ಡಾಕ್ಟರು. ಆಕೆಯ ಬಟ್ಟೆ ತರಲು ಮೂಡಲಗಿಗೆ ಹೋದರೆ, ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಗಳ ಹಿಂದೆ, ನಾನು ತಂದ ಗುಳಿಗೆ ಪೊಟ್ಟಣಗಳು ಸಾಲಾಗಿ ಕೂತಿದ್ದವು. ಒಂದನ್ನೂ ಒಡೆದಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ಆಸ್ಪತ್ರೆಯಲ್ಲೇ ಒದರಾಡಿದೆ.

"ಒಳಗಿನ ಕಳ್ಳಗ ಒಳಗ ಮುಟ್ಟೂ ಔಷಧಾನ ಬೇಕಲ್ಲೋ," ಎಂದಳು ಅಕ್ಕ, ತಣ್ಣಗೆ. "ಕರುಣೋದಕ ಒಂದ ಗುಟುಕ ಹೆಚ್ಚ ಕುಡ್ಯಾಕತ್ತಿದ್ದೆ. ನೀ ತಂದದ್ದು ಚೆಲ್ಲಾಕ ಮನಸ ಬರಲಿಲ್ಲ, ದೇವರ ಹಂತೇಕ ಇಟ್ಟೆ."

ಗುಳಿಗೆ ತಗೊಂಡಿದ್ದರೆ ಮೂತ್ರಪಿಂಡಗಳು ಇನ್ನಷ್ಟು ವರ್ಷ ತಾಳುತ್ತಿದ್ದವು ಎಂದರು ಡಾಕ್ಟರು. ಆ ನೀರನ್ನು ಯಾಕೆ ದೂರಲಿ? ಇಷ್ಟು ವರ್ಷ ಅದು ಗುಳಿಗೆಯ ಜೊತೆ ಜಗಳವಿಲ್ಲದೆ ಇತ್ತು. ಗುಳಿಗೆ ಬಿಡಿಸಿದ್ದು ನನ್ನ ನಾಲಿಗೆ.

ಈಗ ವಾರಕ್ಕೆರಡು ಸಲ ಗೋಕಾಕಿನಲ್ಲಿ ಡಯಾಲಿಸಿಸ್. ನೀರಿಗೂ ಮಿತಿ, ಕರುಣೋದಕವೂ ಒಂದೇ ಚಮಚೆ. ಮೊನ್ನೆ ಪಕ್ಕದ ಹಾಸಿಗೆಯ ಮುದುಕನ ಸೊಸೆ, ಅಂಕಲಗಿಯಾಕೆ, ತನ್ನ ಬಿಪಿ ಗುಳಿಗೆ ನುಂಗಲು ನೀರಿನ ಬಾಟಲಿ ತೆರೆದಳು.

"ಅವು ಬರೇ ಬಾಗಲಾ ಮುಚ್ಚತಾವ ನೋಡವಾ," ಎಂದಳು ನಮ್ಮಕ್ಕ. "ಬ್ಯಾನಿ ಒಳಗ ಇರತೈತಿ. ನಮ್ಮ ತಮ್ಮ ಹೇಳ್ಯಾನ. ಭಾಳ ಓದಿದಾಂವ."

"ನುಂಗ್ರಿ ಯವ್ವಾ, ಬಿಡಬ್ಯಾಡ್ರಿ! ನಾ ಹೇಳಿದ್ದು ತಪ್ಪು. ಅದನ್ನ ಕೇಳೇ ನಮ್ಮಕ್ಕಗ ಹಿಂಗಾತು," ಎಂದೆ.

ಅಕ್ಕ ನನ್ನ ಕಡೆ ಅಕ್ಕರೆಯಿಂದ ನೋಡಿ ಆಕೆಗೆ ಹೇಳಿದಳು: "ಒಳಗಿನ ಕಳ್ಳಗ ನಾ ಹೆದರಬಾರದಂತ ಈಗ ಹಂಗ ಅಂತಾನವಾ."

ಆ ಹೆಣ್ಣುಮಗಳು ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಾಟಲಿಯ ಮುಚ್ಚಳ ಬಿಗಿದಳು.