ಹೊಗೆ ಕಾಣದ ಓಟ

ಯಜ್ಞನಾರಾಯಣರು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಅಳತೆ ನೋಡಿದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡಿಭಾಗವನ್ನು ವಾಪಸು ಕಳಿಸುತ್ತಿದ್ದರು. ಭಾನುವಾರ ಬಂತೆಂದರೆ ಬಿಳಿ ಟೋಪಿ ಹಾಕಿಕೊಂಡು, ಸಿ.ವಿ. ರಾಮನ್ ನಗರದ ಮನೆಯಿಂದ ಸ್ಕೂಟರಿನಲ್ಲಿ ಯಾವುದಾದರೊಂದು ಮೈದಾನಕ್ಕೆ ಹೊರಡುವರು. ಓಟದ ಪಂದ್ಯಗಳಲ್ಲಿ ಗಡಿಯಾರ ಹಿಡಿಯುವುದು ಅವರ ಹವ್ಯಾಸ. ಅದಕ್ಕೆ ಸಿಗುತ್ತಿದ್ದುದು ಒಂದು ಪೊಟ್ಟಣ ಉಪ್ಪಿಟ್ಟು, ಒಂದು ಲೋಟ ಕಾಫಿ.

"ನಮ್ಮ ಭಾರ್ಗವನ ಸ್ಕೂಲ್‌ಗೆ ಒಂದಿನ ಹೋದೋರಲ್ಲ. ಊರ ಮಕ್ಕಳ ಓಟ ಅಂದ್ರೆ ತುದಿಗಾಲಲ್ಲಿ ನಿಂತಿರ್ತೀರಿ" ಎಂದು ಹೆಂಡತಿ ಸೀತಾಲಕ್ಷ್ಮಿ ಹಂಗಿಸುವರು. ಅವರು ನಕ್ಕು ಸ್ಕೂಟರು ಹೊರಡಿಸುವರು.

ಆ ಕೆಲಸಕ್ಕೊಂದು ನಿಯಮವಿದೆ. ಪಿಸ್ತೂಲು ಹಾರಿಸುವವನು ಆ ತುದಿಯಲ್ಲಿ, ಗಡಿಯಾರದವರು ಈ ತುದಿಯಲ್ಲಿ, ನಡುವೆ ನೂರು ಮೀಟರು. ಹೊಗೆ ಕಂಡ ಕ್ಷಣವೇ ಗುಂಡಿ ಒತ್ತಬೇಕು. ಸದ್ದು ಬರಲೆಂದು ಕಾದರೆ ಸೆಕೆಂಡಿನ ಹತ್ತು ಪಾಲಿನಲ್ಲಿ ಮೂರು ಪಾಲು ಆಗಲೇ ಕಳೆದುಹೋಗಿರುತ್ತದೆ. ಓಡಿದವರು ನಿಜಕ್ಕಿಂತ ಅಷ್ಟು ಬೇಗ ಬಂದಂತೆ ಲೆಕ್ಕ ಬೀಳುತ್ತದೆ. ಹೊಸಬರಿಗೆಲ್ಲ ಇದನ್ನು ಕಲಿಸಿದವರು ಯಜ್ಞನಾರಾಯಣರೇ.

೧೯೯೬ರ ಡಿಸೆಂಬರಿನಲ್ಲಿ ಕಾಲೇಜುಗಳ ಕ್ರೀಡಾಕೂಟ ನಡೆಯಿತು. ಬೈಯಪ್ಪನಹಳ್ಳಿಯ ಹಳೆಯ ಊರಿನ ಮುನಿಆಂಜನಪ್ಪನ ಮಗಳು ರಮ್ಯಶ್ರೀ ನೂರು ಮೀಟರಿನಲ್ಲಿ ಎಲ್ಲರಿಗಿಂತ ಎರಡು ಮಾರು ಮುಂದೆ ಬಂದಳು. ಮೊದಲ ಸ್ಥಾನಕ್ಕೆ ಮೂರು ಗಡಿಯಾರ. ಎರಡು ಒಂದೇ ಹೇಳಿದರೆ ಅದೇ ಅಂತಿಮ. ಯಜ್ಞನಾರಾಯಣರು ತಮ್ಮದನ್ನು ನೋಡಿ, "ಹನ್ನೆರಡು" ಎಂದರು. ಅವರ ಶಿಷ್ಯ, ಕಾರ್ಖಾನೆಯ ಶ್ರೀಹರಿ, "ನಂದೂ ಅಷ್ಟೇ ಸಾರ್" ಎಂದ. ಶಿವಾಜಿನಗರದ ಶಾಲೆಯೊಂದರ ವ್ಯಾಯಾಮ ಶಿಕ್ಷಕಿ ಸಾಲೇಹಾ ತಮ್ಮದನ್ನು ಮೆಲ್ಲಗೆ ಹೇಳಿದರು: "ಹನ್ನೆರಡು ಪಾಯಿಂಟ್ ಮೂರು." ಒಂದರ ಎದುರು ಎರಡು. ಹಳೆಯ ದಾಖಲೆ ಹನ್ನೆರಡು ಪಾಯಿಂಟ್ ಎರಡು ಇತ್ತು. ದಾಖಲೆ ಮುರಿಯಿತೆಂದು ಮೈಕಿನಲ್ಲಿ ಕೂಗಿದರು. ರಾಜ್ಯದ ತರಬೇತಿ ಶಿಬಿರಕ್ಕೆ ಒಂದೇ ಜಾಗ ಉಳಿದಿತ್ತು; ದಾಖಲೆ ಮುರಿದವರಿಗೆ, ಇಲ್ಲದಿದ್ದರೆ ವರ್ಷದ ಒಟ್ಟು ಸಾಧನೆ ನೋಡಿ ಕೊಡುವುದೆಂದಿತ್ತು. ಅದು ರಮ್ಯಶ್ರೀಗೆ ಎಂದಾಯಿತು.

ಎರಡನೆಯ ಸ್ಥಾನದ ಹುಡುಗಿಯ ತರಬೇತುದಾರ ರಾಮಾಂಜಿನಪ್ಪ ಮರುದಿನವೇ ದೂರು ಕೊಟ್ಟ. "ಹೋದ ವಾರ ಹನ್ನೆರಡೂವರೆ ಓಡಿದ್ದೋಳಿಗೆ ಈ ವಾರ ರೆಕ್ಕೆ ಬಂತೇನ್ರಿ?" ಎಂದು ಎಲ್ಲರೆದುರು ಕೇಳಿದ. ಹೊಗೆ ನೋಡಿಯೇ ಗಡಿಯಾರ ಒತ್ತಿದ್ದೆಂದು ಮುಖ್ಯ ಸಮಯಪಾಲಕರಾದ ಯಜ್ಞನಾರಾಯಣರು ಬರೆದುಕೊಟ್ಟರೆ ಸಾಕು, ದೂರು ಬಿದ್ದುಹೋಗುತ್ತದೆ ಎಂದು ಸಂಘದವರು ಹೇಳಿದರು. ಸೋಮವಾರದವರೆಗೆ ಗಡುವು.

ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ಕೂತಿದ್ದಾಗ ಸೀತಾಲಕ್ಷ್ಮಿ, "ರೀ, ಈ ಕಡೆ ಸರೀರಿ. ಊದುಬತ್ತಿ ಹೊಗೆ ನೇರ ನಿಮ್ಮ ಮುಖಕ್ಕೇ ಬರ್ತಿದೆ" ಎಂದರು.

ವಾಸನೆ ಬರುತ್ತಿತ್ತು. ಹೊಗೆ ಕಾಣಲಿಲ್ಲ. ಅವರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ದೀಪದ ಸುತ್ತ ಮಂಜು ಕವಿದಂತಿತ್ತೇ ಹೊರತು ಹೊಗೆಯ ಎಳೆ ಇರಲಿಲ್ಲ. ಆ ದಿನ ಏನನ್ನು ಕಂಡು ಗುಂಡಿ ಒತ್ತಿದೆ ಎಂದು ನೆನೆದರು. ನೆನಪಿಗೆ ಬಂದದ್ದು ಸದ್ದೊಂದೇ. ಪೂಜೆ ಮುಗಿದು ಮಂಗಳಾರತಿ ತಣ್ಣಗಾದರೂ ಅವರು ಏಳಲಿಲ್ಲ. ದೇವರನ್ನು ಏನೂ ಕೇಳಿಕೊಳ್ಳಲಿಲ್ಲ.

ಕಾರ್ಖಾನೆಯಲ್ಲಿ ಶ್ರೀಹರಿಯನ್ನು ಕರೆದು, "ನಿನ್ನ ವಾಚಲ್ಲಿ ಎಷ್ಟಿತ್ತಪ್ಪ?" ಎಂದರು.

"ನೀವು ಹನ್ನೆರಡು ಅಂದ್ರಲ್ಲ ಸಾರ್."

"ನಿನ್ನದು ಕೇಳ್ತಿದ್ದೀನಿ."

ಅವನು ತಲೆ ತಗ್ಗಿಸಿದ. "ಸರಿಯಾಗಿ ನೋಡ್ಲಿಲ್ಲ ಸಾರ್. ನೀವು ಹೇಳಿದ್ಮೇಲೆ ಇನ್ನೇನು ಅಂತ ಸೊನ್ನೆ ಮಾಡ್ಬಿಟ್ಟೆ. ಯಾವಾಗ್ಲೂ ಹಂಗೇ ಮಾಡೋದು."

ಎಷ್ಟು ವರ್ಷಗಳ 'ಯಾವಾಗಲೂ' ಎಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಸಂಜೆ ಸಾಲೇಹಾರ ಶಾಲೆಗೆ ಹೋದರು. "ನಾನು ಹೊಗೆ ನೋಡೇ ಒತ್ತಿದ್ದು ಸಾರ್. ಆದ್ರೆ ಕೊನೇಲಿ ನಿಲ್ಲಿಸುವಾಗ ಬೆರಳು ಜಾರ್ತು. ಒಂದೋ ಎರಡೋ ಪಾಯಿಂಟ್ ತಡ ಆಗಿರಬಹುದು. ಅದಕ್ಕೇ ಜೋರು ಮಾಡ್ಲಿಲ್ಲ" ಎಂದರು ಆಕೆ.

ಭಾನುವಾರ ಮುನಿಆಂಜನಪ್ಪನ ಮನೆಗೆ ಹೋದರು. ಹೊಲವೆಲ್ಲ ಹೋಗಿ, ಉಳಿದ ಜಾಗದಲ್ಲಿ ಬಾಡಿಗೆ ಕೋಣೆಗಳನ್ನು ಎಬ್ಬಿಸಿದ್ದ ಮನೆ. ವಿಷಯ ಕೇಳಿ ಮುನಿಆಂಜನಪ್ಪ ಹತ್ತಿರ ಸರಿದು ದನಿ ತಗ್ಗಿಸಿದ.

"ಸ್ವಾಮಿ, ನಿಮ್ ಕಣ್ ವಿಸ್ಯ ನಿಮಗೆ ಬಿಟ್ರೆ ಯಾರಿಗ್ ಗೊತ್ತು? ಒಂದ್ ಸೈನ್ ಹಾಕ್ಬಿಡಿ. ನಮ್ಮುಡ್ಗಿ ನಾಲ್ಕ್ ವರ್ಸದಿಂದ ಕತ್ಲಲ್ಲೇ ಎದ್ದು ಓಡ್ತಾವ್ಳೆ."

"ಗೊತ್ತಪ್ಪ. ಅದಕ್ಕೇ ಮೊದಲು ನಿಮಗೆ ಹೇಳೋಣ ಅಂತ ಬಂದೆ."

ಬಾಗಿಲಲ್ಲಿ ನಿಂತಿದ್ದ ರಮ್ಯಶ್ರೀ ಕೇಳಿದಳು: "ಹಂಗಾದ್ರೆ ನಾನು ಓಡಿದ್ದು ಎಷ್ಟು ಸಾರ್?"

ತಮ್ಮ ಹನ್ನೆರಡಕ್ಕೆ ಮೂರು ಪಾಲು ಕೂಡಿಸೋಣವೆಂದರೆ, ಆ ಮಂಜುಗಣ್ಣಿನಲ್ಲಿ ಗೆರೆಯ ಬಳಿ ನಿಲ್ಲಿಸಿದ್ದನ್ನೂ ನಂಬುವಂತಿರಲಿಲ್ಲ. ಹನ್ನೆರಡು ಪಾಯಿಂಟ್ ಒಂದಾಗಿದ್ದರೆ ದಾಖಲೆ ಅವಳದೇ. ಮೂರಾಗಿದ್ದರೆ ಅಲ್ಲ. ಜೀವಮಾನವೆಲ್ಲ ಅಳತೆ ನೋಡಿದವರಿಗೆ ಆ ಹುಡುಗಿಗೆ ಕೊಡಲು ಒಂದು ಅಂಕಿ ಸಿಗಲಿಲ್ಲ.

"ಗೊತ್ತಿಲ್ಲಮ್ಮ" ಎಂದರು. "ಇನ್ಯಾರಿಗೂ ಗೊತ್ತಾಗಲ್ಲ."

ಅವಳು ಅಳಲಿಲ್ಲ. ಒಳಗೆ ಹೋಗಿ ಅವರಿಗೆ ನೀರು ತಂದುಕೊಟ್ಟಳು.

ಸೋಮವಾರ ಅವರು ಇದ್ದುದನ್ನು ಇದ್ದಂತೆ ಬರೆದುಕೊಟ್ಟರು. ದಾಖಲೆ ರದ್ದಾಯಿತು, ಪುಸ್ತಕದಲ್ಲಿ ಹನ್ನೆರಡು ಪಾಯಿಂಟ್ ಮೂರು ಎಂದು ಬಿತ್ತು. ಶಿಬಿರದ ಜಾಗ ಬೇರೊಬ್ಬಳಿಗೆ ಹೋಯಿತು. ಮುಂದಿನ ವರ್ಷದ ಕೂಟದಲ್ಲಿ ರಮ್ಯಶ್ರೀ ಕೊನೆಯ ಹತ್ತು ಮೀಟರಿನಲ್ಲಿ ಕತ್ತು ತಿರುಗಿಸಿ ಗಡಿಯಾರದವರ ಕಡೆ ನೋಡಿದಳಂತೆ. ಮೂರನೆಯವಳಾಗಿ ಬಂದಳು. ಆಮೇಲೆ ಓಡಲಿಲ್ಲ.

ಯಜ್ಞನಾರಾಯಣರು ಮತ್ತೆ ಗಡಿಯಾರ ಹಿಡಿಯಲಿಲ್ಲ. ನಿವೃತ್ತರಾದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡರು. ರಮ್ಯಶ್ರೀ ಕೆ.ಆರ್. ಪುರದ ಶಾಲೆಯೊಂದರಲ್ಲಿ ಆಟ ಹೇಳಿಕೊಡುತ್ತಿದ್ದಾಳೆಂದು ತಿಳಿದು, ೨೦೦೪ರಲ್ಲಿ ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದರು. ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವಳು ಸೀಟಿ ಊದುತ್ತಿದ್ದಳು. ಅವರ ಗುರುತು ಹಿಡಿದು ಹತ್ತಿರ ಬಂದಳು.

"ಈಗ ಕಣ್ಣು ಚೆನ್ನಾಗಿ ಕಾಣುತ್ತಮ್ಮ. ವಾರಕ್ಕೊಂದಿನ ಬಂದು ಮಕ್ಕಳ ಟೈಮ್ ನೋಡ್ಲಾ?"

"ನಾವು ಟೈಮ್ ಇಡಲ್ಲ ಸಾರ್" ಎಂದಳು ಅವಳು. "ಯಾರು ಮುಂದೆ ಬಂದ್ರೋ ಅವ್ರು ಗೆದ್ದಂಗೆ, ಅಷ್ಟೇ. ನೀವು ನೆರಳಲ್ಲಿ ಕೂತ್ಕೊಳ್ಳಿ, ಕುರ್ಚಿ ತರ್ತೀನಿ."

ಕುರ್ಚಿ ತಾನೇ ಹೊತ್ತು ತಂದಳು. ಅವರು ಕೂತರು, ಬರಿಗೈ ಮಡಿಲಲ್ಲಿಟ್ಟುಕೊಂಡು, ಮಕ್ಕಳ ಓಟ ಮುಗಿಯುವವರೆಗೆ.