ಸೆರಗಿನ ಗಂಟಿನಲ್ಲಿ ಬಂದ ಪ್ರಸಾದ

ಫಾದರ್ ಅವರ ಬಿಳಿ ನಿಲುವಂಗಿಯ ಬಲಜೇಬಿನ ಮೇಲೆ ಅಂಗೈಯಗಲದ ಕೆಂಪು ಕಲೆಯೊಂದಿತ್ತು. ಎಷ್ಟು ಒಗೆದರೂ ಹೋಗದ ಕಲೆ. ಹೊಸಬರು ರಕ್ತವೇನೋ ಎಂದು ಗಾಬರಿಯಾಗುತ್ತಿದ್ದರು. ನಾನು ಬ್ಯಾಡಗಿಯವಳು, ನೋಡಿದ ಕೂಡಲೇ ಗುರುತು ಹಿಡಿದೆ: ಮೆಣಸಿನಕಾಯಿ. ಹಾಸ್ಟೆಲಿನ ಸಪ್ಪೆ ಸಾರು ಗಂಟಲಲ್ಲಿ ಇಳಿಯುವುದಿಲ್ಲವೆಂದು ಫಾದರ್ ಸದಾ ನಾಲ್ಕು ಒಣಮೆಣಸಿನಕಾಯಿ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರು. ಊಟಕ್ಕೆ ಕೂತಾಗ ಒಂದನ್ನು ತೆಗೆದು, ತೊಟ್ಟು ಮುರಿದು, ಸಾರಿನಲ್ಲಿ ಕಿವುಚುವುದು. ಅದೇ ಒದ್ದೆ ಕೈಯಿಂದ ಇನ್ನೊಂದಕ್ಕಾಗಿ ಜೇಬು ತಡಕುವುದು. ಮತ್ತೆ ಕಲೆಯಾಗದೆ ಏನಾಗುತ್ತದೆ?

"ನಾನೂ ಬ್ಯಾಡಗಿ ಕಾಯಿನ ನೋಡವಾ," ಎಂದು ಕಾಲೇಜಿನ ಮೊದಲ ದಿನವೇ ಹೇಳಿದ್ದರು. "ಬಣ್ಣ ಭಾಳ, ಖಾರ ಕಡಿಮಿ. ಹೆದರಬ್ಯಾಡ."

ಹುಟ್ಟಿದ್ದು ಕರಾವಳಿಯಲ್ಲಾದರೂ ಅವರು ಕನ್ನಡ ಕಲಿತದ್ದು ರಾಣೆಬೆನ್ನೂರಿನ ಸಂತೆಯಲ್ಲಿ. ಎಳೆಯ ವಯಸ್ಸಿನಲ್ಲೇ ಅಲ್ಲಿನ ಸಣ್ಣ ಚರ್ಚಿಗೆ ಬಂದು ಹತ್ತು ಹನ್ನೆರಡು ವರ್ಷ ಇದ್ದವರು. ಆಮೇಲೆ ಅವರನ್ನು ಬೆಂಗಳೂರಿನ ಕ್ಯಾಥೊಲಿಕ್ ವಿದ್ಯಾಪೀಠಕ್ಕೆ ಕಲಿಸಲು ಕಳಿಸಿದರು. ಹಾಗಿದ್ದರೂ ವರ್ಷಕ್ಕೊಮ್ಮೆ ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಗೆ ಬಂದು, ನಮ್ಮ ಅಪ್ಪನ ದಲಾಲಿ ಅಂಗಡಿಯಲ್ಲಿ ಕೂತು ಸೀನುತ್ತ, ಒಂದು ಚೀಲ ಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮನೆಗೂ ಬರುತ್ತಿದ್ದರು, ಆದರೆ ಪಡಸಾಲೆಯವರೆಗೆ ಮಾತ್ರ. ಚಹಾ ಅಲ್ಲಿಗೇ ಹೋಗುತ್ತಿತ್ತು. ಮೀನು ತಿನ್ನುವವರು ಎಂಬುದೊಂದು ಅಡ್ಡಗೋಡೆ. ಅದು ಅವರಿಗೂ ಗೊತ್ತಿತ್ತು, ಒಮ್ಮೆಯೂ ಅದನ್ನು ದಾಟಲು ನೋಡಲಿಲ್ಲ.

ನಾನು ಆ ವಿದ್ಯಾಪೀಠಕ್ಕೆ ಸೇರಿದ್ದು ಎಂಬತ್ತರ ದಶಕದ ನಡುವೆ. ದೇವರನ್ನು ಹುಡುಕಿಕೊಂಡೇನೂ ಹೋಗಲಿಲ್ಲ, ಸೀಟು ಹುಡುಕಿಕೊಂಡು ಹೋದೆ. ಇಂಗ್ಲಿಷ್ ಸಾಹಿತ್ಯಕ್ಕೆ ನನ್ನ ಅಂಕ ಸಾಲಲಿಲ್ಲ. ಬಿ.ಎ.ಯಲ್ಲಿ ಉಳಿದಿದ್ದ ಐಚ್ಛಿಕ ವಿಷಯ ಒಂದೇ, 'ಧರ್ಮ ಮತ್ತು ಕ್ರೈಸ್ತ ಚಿಂತನೆ'. ಸುದ್ದಿ ತಿಳಿದ ಬ್ಯಾಡಗಿಯ ನೆಂಟರೆಲ್ಲ ಬಾಯಿ ಬಡಿದುಕೊಂಡರು. "ಹೆಣ್ಣಹುಡುಗಿನ ಪಾದ್ರಿಗೋಳ ಕೈಯಾಗ ಕೊಡ್ತಿ? ನಾಳೆ ಕೊಳ್ಳಾಗಿನ ಲಿಂಗಾ ತಗದು ಶಿಲುಬಿ ಹಾಕ್ಕೊಂಡ ಬರ್ತಾಳ ನೋಡು!" ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಒಂದೇ ಮಾತು ಹೇಳಿದ: "ಹೋಗು. ಆದ್ರ ಅಲ್ಲಿಂದ ಒಂದ ಒಂದ ತಕರಾರು ಬಂದ್ರೂ ಅವತ್ತಿಗೇ ನಿನ್ನ ಸಾಲಿ ಮುಗೀತು. ಯಾವುದರ ಒಂದ ವರಾ ನೋಡಿ ಕೊಟ್ಟ ಬಿಡತೇನಿ." ಅಪ್ಪನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ.

ಫಾದರ್ ಕಲಿಸುವ ರೀತಿಯೇ ಬೇರೆ. ಮೊದಲ ತಿಂಗಳು ಕ್ರಿಸ್ತನ ಹೆಸರೇ ಎತ್ತಲಿಲ್ಲ. "ಮೊದಲ ನಿಮ್ಮ ಮನೀ ಜಗಲಿ ತೋರಸ್ರಿ, ಆಮ್ಯಾಲ ನಮ್ಮ ಗುಡಿ ತೋರಸ್ತೇನಿ," ಎಂದು ಎಲ್ಲರಿಂದಲೂ ಅವರವರ ಮನೆಯ ಪೂಜೆಯ ಬಗ್ಗೆ ಬರೆಸಿದರು. ನಾನು ಪುಸ್ತಕವೊಂದರಿಂದ ಭಾರೀ ಭಾರೀ ವಾಕ್ಯ ಎತ್ತಿ, ಇಷ್ಟಲಿಂಗದ ತತ್ತ್ವ ಅದು ಇದು ಎಂದು ಎಂಟು ಪುಟ ತುಂಬಿಸಿಕೊಟ್ಟೆ. ತಿರುಗಿ ಬಂದ ಹಾಳೆಯ ಅಂಚಿನಲ್ಲಿ ಹನ್ನೊಂದು ಕಡೆ ಕೆಂಪು ಶಾಯಿಯಲ್ಲಿ ಒಂದೇ ಪದ: "ಖರೇನ?" ಸಿಟ್ಟಿನಿಂದ ಮೈ ಉರಿಯಿತು. ಹೋಗಿ ಜಗಳ ತೆಗೆದೆ.

"ಸುಳ್ಳು ಬರದಿಲ್ರಿ ನಾ. ಪುಸ್ತಕದಾಗ ಐತಿ."

"ಪುಸ್ತಕದಾಗ ಇರ್ಲಿ ತಂಗಿ. ನಿಮ್ಮಜ್ಜಿ ಹಿಂಗ ಮಾಡ್ತಾರೇನು? ಖರೇನ?"

ಅಜ್ಜಿ ಏನು ಮಾಡುತ್ತಾಳೆ ಎಂದು ಯೋಚಿಸಿದೆ. ಪೂಜೆ ಮಾಡುತ್ತಾಳೆ, ಪ್ರಸಾದವನ್ನು ಎಲ್ಲರಿಗೂ ಹಂಚುತ್ತಾಳೆ, ಊಟವಾದ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುತ್ತಾಳೆ, ಒಂದು ಅಗುಳೂ ದಂಡವಾಗಬಾರದೆಂದು. ಅಷ್ಟನ್ನೇ ಒಂದು ಪುಟದಲ್ಲಿ ಬರೆದುಕೊಟ್ಟೆ. ನೂರಕ್ಕೆ ಐವತ್ತೆಂಟು ಅಂಕ ಕೊಟ್ಟರು. ಅರವತ್ತರ ಮೇಲೆ ಅವರು ಯಾರಿಗೂ ಕೊಟ್ಟವರಲ್ಲ. ಅರವತ್ತೊಂದನೆಯದು ದೇವರಿಗೇ ಇರಲಿ ಅನ್ನುತ್ತಿದ್ದರು.

ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ಫಾದರ್ ಅವರ ಗುರುದೀಕ್ಷೆಗೆ ಇಪ್ಪತ್ತೈದು ವರ್ಷ ತುಂಬಿತು. ಬೆಂಗಳೂರಿನ ದೊಡ್ಡ ಚರ್ಚು ಬಿಟ್ಟು, ತಮ್ಮ ಹಳೆಯ ರಾಣೆಬೆನ್ನೂರಿನ ಚರ್ಚಿನಲ್ಲೇ ಪೂಜೆ ಇಟ್ಟುಕೊಂಡರು. ನಮ್ಮ ಮನೆಗೂ ಕರೆ ಬಂತು. ಅಪ್ಪನಿಗೆ ಅಂಗಡಿ, ನಾನೂ ಅಜ್ಜಿಯೂ ಭಾನುವಾರ ಬೆಳಗಿನ ಬಸ್ಸಿಗೆ ಹೋದೆವು.

ಪೂಜೆಯ ಕೊನೆಗೆ ಪರಮಪ್ರಸಾದ ಕೊಡಲು ಫಾದರ್ ಮುಂದೆ ನಿಂತರು. ಜನ ಸಾಲಾಗಿ ಎದ್ದರು. ನಾನು ಎಲ್ಲೋ ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ಪಕ್ಕದಲ್ಲಿದ್ದ ಅಜ್ಜಿ ಮಾಯ! ನೋಡಿದರೆ ತಲೆಯ ತುಂಬ ಸೆರಗು ಹೊದ್ದು ಸಾಲಿನ ಮುಂದಿನ ತುದಿಗೆ ತಲುಪಿದ್ದಾಳೆ. ಸ್ವಾಮಿಗಳೊಬ್ಬರು ಕೈಯಾರೆ ಪ್ರಸಾದ ಕೊಡುವಾಗ ಕೂತಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಎಡಗೈ ಮೇಲೆ ಬಲಗೈ ಇಟ್ಟು, ತಲೆ ಬಾಗಿಸಿ ನಿಂತಳು. ದಪ್ಪ ಕನ್ನಡಕದ ಫಾದರ್‌ಗೆ ಸೆರಗಿನೊಳಗಿನ ಮುಖ ಕಾಣಲಿಲ್ಲ, ಕೈ ಮಾತ್ರ ಕಂಡಿತು. ಬಿಳಿಯ ರೊಟ್ಟಿಬಿಲ್ಲೆಯನ್ನು ಅಂಗೈಗೆ ಇಟ್ಟರು. ಉಳಿದವರು ಅಲ್ಲೇ ಬಾಯಿಗೆ ಹಾಕಿಕೊಂಡರು. ಅಜ್ಜಿ ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಗೆ ಇಟ್ಟು, ಗಂಟು ಹಾಕಿದಳು.

ಈ ಪ್ರಸಾದದ ವಿಷಯದ ಮೇಲೆಯೇ ನಾನು ಹದಿನೈದು ದಿನದ ಹಿಂದೆ ಪರೀಕ್ಷೆ ಬರೆದಿದ್ದೆ. ಮಂತ್ರ ಹೇಳಿದ ಮೇಲೆ ಅದು ಅವರಿಗೆ ರೊಟ್ಟಿಯಲ್ಲ, ಸಾಕ್ಷಾತ್ ದೇವರೇ. ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗದವರು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರು ಅಲ್ಲೇ ತಿನ್ನಬೇಕು, ಹೊರಗೆ ಒಯ್ಯುವಂತಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ಎದ್ದು ಹೇಳಬೇಕಿತ್ತು, ಹೇಳಲಿಲ್ಲ. ಅಪ್ಪನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ತಕರಾರೆಂದರೆ ಇದಕ್ಕಿಂತ ದೊಡ್ಡ ತಕರಾರು ಬೇಕೆ? ಇನ್ನೊಂದು ವರ್ಷದ ಓದು ನನಗೆ ಬೇಕಿತ್ತು. ಸುಮ್ಮನೆ ಅಜ್ಜಿಯ ಜೊತೆ ಬಸ್ಸು ಹತ್ತಿದೆ.

"ಅಮ್ಮಾ, ಅದನ್ನ ಅಲ್ಲೇ ತಿನ್ನಬೇಕಿತ್ತು," ಎಂದೆ ಮೆಲ್ಲಗೆ. ನಮ್ಮಲ್ಲಿ ಅಜ್ಜಿಗೆ ಅಮ್ಮ ಅನ್ನುವುದು ರೂಢಿ.

"ಹುಚ್ಚಿ! ಮನ್ಯಾಗ ಒಂಬತ್ತ ಮಂದಿ ಇರೂವಾಗ ನಾ ಒಬ್ಬಾಕಿನ ತಿನ್ಲೇನು? ನಾಳಿ ಸೋಮವಾರ. ಪೂಜಿ ಮುಗಿಸಿ ಎಲ್ಲಾರಿಗೂ ಹಂಚತೇನಿ."

ಮನೆಗೆ ಬಂದವಳೇ ಅದನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು ಜಗಲಿಗೆ ಸೇರಿಸಿದಳು.

ಮರುದಿನ ಬೆಳಗಾಗುವಷ್ಟರಲ್ಲಿ ನನ್ನಿಂದ ತಡೆಯಲಾಗಲಿಲ್ಲ. ಗೆಳತಿಯನ್ನು ನೋಡಿ ಬರುತ್ತೇನೆಂದು ಅವ್ವನಿಗೆ ಸುಳ್ಳು ಹೇಳಿ ರಾಣೆಬೆನ್ನೂರಿನ ಬಸ್ಸು ಹಿಡಿದೆ. ಫಾದರ್ ಚರ್ಚಿನ ಹಿಂದಿನ ಕಟ್ಟೆಯ ಮೇಲೆ ಅವಲಕ್ಕಿ ತಿನ್ನುತ್ತ ಕೂತಿದ್ದರು. ಹೇಳಿದೆ. ತಟ್ಟೆ ಪಕ್ಕಕ್ಕಿಟ್ಟರು.

"ಖರೇನ?"

"ಖರೇರಿ."

"ಮುರದಾರೇನು?"

"ಇನ್ನಾ ಇಲ್ರಿ. ಮಧ್ಯಾಹ್ನ ಪೂಜಿ ಆದಮ್ಯಾಲ ಹಂಚತಾರ."

ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟರು. ಮೋಟೆಬೆನ್ನೂರಿನ ಹತ್ತಿರ ಮಾರುಕಟ್ಟೆಗೆ ಹೊರಟ ಮೆಣಸಿನಕಾಯಿ ಲಾರಿಗಳ ಸಾಲು ನಮ್ಮ ಬಸ್ಸನ್ನು ಮುಕ್ಕಾಲು ಗಂಟೆ ನಿಲ್ಲಿಸಿತು. ಅವರು ಕಿಟಕಿಯ ಸರಳು ಹಿಡಿದು ಕೂತಿದ್ದರು.

"ನಿನ್ನೇನ ಯಾಕ ಹೇಳಲಿಲ್ಲ ತಂಗಿ?"

"ಹೆದರಿದ್ನಿರಿ. ಅಪ್ಪಗ ಗೊತ್ತಾದ್ರ ಸಾಲಿ ಬಿಡಸ್ತಾನ್ರಿ." ಅಳು ಬಂತು.

"ಅಳಬ್ಯಾಡ. ನಾನೂ ಹೆದರೇನಿ ಈಗ," ಎಂದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಒಪ್ಪಿಕೊಂಡದ್ದು ಕೇಳಿ ನನ್ನ ಅಳು ನಿಂತಿತು.

ನಾವು ಮುಟ್ಟುವ ಹೊತ್ತಿಗೆ ಪೂಜೆ ಮುಗಿದಿತ್ತು. ಮನೆಯವರೆಲ್ಲ ಒಳಗೆ ಸಾಲಾಗಿ ಕೂತಿದ್ದರು, ಅಪ್ಪನೂ ಅಂಗಡಿಯಿಂದ ಬಂದಿದ್ದ. ಅಜ್ಜಿ ಡಬ್ಬಿಗೆ ಕೈ ಹಾಕುವುದೊಂದೇ ಬಾಕಿ. ಫಾದರ್ ಜೊತೆ ನನ್ನನ್ನು ಕಂಡ ಅಪ್ಪನ ಹುಬ್ಬು ಗಂಟಿಕ್ಕಿತು.

"ಏನ್ರಿ ಫಾದರ್, ಹುಡುಗಿದೇನರ ತಕರಾರೇನು?"

"ತಕರಾರು ಐತ್ರಿ," ಎಂದರು ಫಾದರ್. ನಾನು ಕಂಬ ಹಿಡಿದುಕೊಂಡೆ. "ಆದ್ರ ಹುಡುಗೀದಲ್ಲ, ನಂದು. ಕಣ್ಣ ಕಾಣದ ಮುದುಕ, ಯಾರಿಗೆ ಏನ ಕೊಡಾಕತ್ತೇನಿ ಅಂತ ನೋಡಲಿಲ್ಲ. ಈಕಿ ಓಡಿ ಬಂದು ಹೇಳಿದ್ಲು ಅಂತ ನಾ ಉಳದೆ."

ಪಡಸಾಲೆಯ ಹೊಸ್ತಿಲಲ್ಲೇ ನಿಂತು ಅಜ್ಜಿಗೆ ವಿಷಯ ತಿಳಿಸಿದರು: ಅದು ತಮ್ಮಲ್ಲಿ ಕಟ್ಟಿ ಒಯ್ಯುವ ಪ್ರಸಾದವಲ್ಲ, ಅದನ್ನು ತಿರುಗಿ ಕೊಡಬೇಕು. ಅಜ್ಜಿ ಡಬ್ಬಿ ಬಿಡಲಿಲ್ಲ.

"ಅಲ್ರಿ ಸ್ವಾಮ್ಯಾರ, ಕೊಟ್ಟ ಪ್ರಸಾದ ಯಾರರ ತಿರುಗಿ ಕೇಳ್ತಾರೇನ್ರಿ? ಒಬ್ಬಾಕಿನ ತಿಂದು ಬಾಯಿ ಒರಸಿಕೊಂಡು ಬರಾಕ ಅದೆಂಥಾ ಪ್ರಸಾದ? ಮನೀತನಕ ಬರದಿದ್ದ ಮ್ಯಾಲ ಅದು ದೇವರದ ಹ್ಯಾಂಗಾಗ್ತದ?"

ಇಪ್ಪತ್ತೈದು ವರ್ಷದಿಂದ ಗುರುವಾಗಿದ್ದ, ನಮಗೆಲ್ಲ ಪಾಠ ಹೇಳುವ ಮನುಷ್ಯ ಕನ್ನಡಕ ತೆಗೆದು ನಿಲುವಂಗಿಯ ತುದಿಯಿಂದ ಒರೆಸಿಕೊಂಡರು.

"ಇದಕ್ಕ ಉತ್ತರಾ ನನ್ನ ಹತ್ರ ಇಲ್ರಿ ಅಮ್ಮಾರ," ಎಂದರು ಕಡೆಗೆ. "ಒಂದ ಮಾತು ಕೇಳ್ತೇನಿ. ನಿಮ್ಮ ಕೊಳ್ಳಾಗಿನ ಲಿಂಗಾ ನಾ ಕೇಳಿದ್ರ ಕೊಡ್ತೀರೇನು?"

ಅಜ್ಜಿಯ ಕೈ ತಾನಾಗಿ ಎದೆಗೆ ಹೋಯಿತು. "ಜೀವಾ ಹೋದ್ರೂ ಇಲ್ಲ."

"ಆ ಡಬ್ಬ್ಯಾಗ ಇರೂದು ನನಗ ಅದ ಐತ್ರಿ."

ಅಜ್ಜಿ ಎದ್ದು, "ಕಾಲ ತೊಳಕೊಂಡು ಒಳಗ ಬರ್ರಿ. ಹೊಸ್ತಿಲದಾಗ ನಿಂತು ಇಸಗೊಳ್ಳೂದಲ್ಲ ಅದು," ಎಂದಳು. ಅವರು ಕಾಲು ತೊಳೆದು ಮೊದಲ ಬಾರಿಗೆ ನಮ್ಮ ಜಗಲಿಯವರೆಗೆ ಬಂದರು. ಅಜ್ಜಿ ಎರಡೂ ಕೈಯಿಂದ ಡಬ್ಬಿ ಕೊಟ್ಟಳು. ಫಾದರ್ ಕಣ್ಣು ಮುಚ್ಚಿ ಬಿಲ್ಲೆಯನ್ನು ಬಾಯಿಗಿಟ್ಟುಕೊಂಡರು. ಒಂದು ಲೋಟ ನೀರು ಕೇಳಿದರು. ಡಬ್ಬಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಒಂದು ಹನಿ ಉಳಿಸದೆ ಕುಡಿದರು.

"ಅಯ್ಯ ಶಿವನ! ಇವರೂ ತೊಳದ ಕುಡೀತಾರಲ್ಲೋ!" ಎಂದಳು ಅಜ್ಜಿ ಅಪ್ಪನ ಕಡೆ ತಿರುಗಿ. ಅವಳ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಜ್ಜಿಯ ಈ ತೊಳೆದು ಕುಡಿಯುವ ಪದ್ಧತಿಗೆ ಅಪ್ಪ ಮೊದಲಿನಿಂದಲೂ ಹಳೇ ಕಾಲದ್ದು ಎಂದು ನಗುತ್ತಿದ್ದವನು. "ಊಟಕ್ಕ ಕುಂದರ್ರಿ ಫಾದರ್, ಹೊತ್ತಾತು," ಎಂದಷ್ಟೇ ಹೇಳಿ ತಾನೇ ಮಣೆ ಹಾಕಿದ. ನನ್ನ ಓದು ಉಳಿಯಿತು. ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತ್ತು. ಬದಲಿಗೆ ರೊಟ್ಟಿ ಬಡಿಸಿದೆ.

ಮರುವರ್ಷ ನಮ್ಮ ತರಗತಿಯಲ್ಲಿ ಫಾದರ್ ಅಜ್ಜಿಯ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದರು, ಹೆಸರು ಹೇಳದೆ. "ಬ್ಯಾಡಗಿಯ ಒಬ್ಬ ಪಂಡಿತರು ಕೇಳಿದ್ದು. ನನಗ ಬಂದಿಲ್ಲ, ನಿಮಗ ಬಂದ್ರ ಹೇಳ್ರಿ." ಯಾರಿಗೂ ಬರಲಿಲ್ಲ. ಆದರೆ ಅದೇ ಸೆಪ್ಟೆಂಬರಿನಲ್ಲಿ ಅವರೊಂದು ಕೆಲಸ ಮಾಡಿದರು. ಅವರ ಕರಾವಳಿಯ ಕಡೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಪೂಜಿಸಿ ಮನೆಮನೆಗೆ ಒಯ್ಯುತ್ತಾರೆ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಮನೆಮಂದಿಯೆಲ್ಲ ಹಂಚಿಕೊಂಡು ಕುಡಿಯುತ್ತಾರೆ. ದೂರ ಇರುವವರಿಗೆ ಕಾಳು ಟಪಾಲಿನಲ್ಲಿ ಹೋಗುತ್ತದೆ. ಆ ವರ್ಷ ಬ್ಯಾಡಗಿಗೊಂದು ಲಕೋಟೆ ಬಂತು. ಒಳಗೆ ಒಂಬತ್ತು ಭತ್ತದ ಕಾಳು, ಒಂದು ಚೀಟಿ: "ಅಮ್ಮಾರ, ಇದನ್ನ ಮನೀತನಕ ಕಳಸಬಹುದು. ಎಲ್ಲಾರೂ ತಗೋರಿ."

ಅಲ್ಲಿಂದ ಪ್ರತಿ ವರ್ಷವೂ ಬಂತು. ನಾನು ಪದವಿ ಮುಗಿಸಿ ಹಾವೇರಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ಸೇರಿದೆ. ಮಕ್ಕಳ ನೋಟುಪುಸ್ತಕದ ಅಂಚಿನಲ್ಲಿ ನಾನೂ "ಖರೇನ?" ಎಂದು ಬರೆಯುವುದನ್ನು ಕಲಿತೆ. ಅಜ್ಜಿ ತೀರಿಕೊಂಡ ವರ್ಷ ಫಾದರ್‌ಗೆ ಕಾಗದ ಬರೆದೆ: "ಈಗ ಮನೆಯಲ್ಲಿ ಎಂಟೇ ಮಂದಿ, ಎಂಟು ಕಾಳು ಸಾಕು." ಮುಂದಿನ ಲಕೋಟೆಯಲ್ಲಿ ಒಂಬತ್ತು ಕಾಳೇ ಇದ್ದವು. ಚೀಟಿಯಲ್ಲಿ ಒಂದೇ ಪದ: "ಖರೇನ?"

ಅದನ್ನು ಓದಿ ನಾನು ಅತ್ತಷ್ಟು ಅಜ್ಜಿಯ ಮಣ್ಣಿನ ದಿನವೂ ಅತ್ತಿರಲಿಲ್ಲ.

ನಿವೃತ್ತಿಯ ನಂತರ ಅವರು ಹಟ ಮಾಡಿ ರಾಣೆಬೆನ್ನೂರಿಗೇ ಬಂದು ಉಳಿದರು. ತೊಂಬತ್ತರ ದಶಕದ ಕೊನೆಗೆ, ಒಂದು ಸೆಪ್ಟೆಂಬರಿನಲ್ಲಿ, ತೆನೆ ಹಬ್ಬ ಮುಗಿದ ಐದನೆಯ ದಿನಕ್ಕೆ ಎದೆನೋವು ಬಂದು ಹೋಗಿಬಿಟ್ಟರು. ನಾನೂ ಅಪ್ಪನೂ ಹೋದೆವು. ಪೂಜೆಯಲ್ಲಿ ಜನ ಪ್ರಸಾದಕ್ಕೆ ಸಾಲಾಗಿ ಎದ್ದಾಗ ನಾವಿಬ್ಬರೂ ಕೂತೇ ಇದ್ದೆವು. ಪೆಟ್ಟಿಗೆಯಲ್ಲಿ ಅವರಿಗೆ ಹೊಸ ನಿಲುವಂಗಿ ಹಾಕಿದ್ದರು. ಬಲಜೇಬು ಬೆಳ್ಳಗಿತ್ತು. ನನಗದು ಸರಿ ಕಾಣಲಿಲ್ಲ.

ಮಣ್ಣು ಕೊಟ್ಟು ಹೊರಡುವಾಗ ಅಡುಗೆಯ ಹೆಂಗಸು ಓಡುತ್ತ ಬಂದು ಲಕೋಟೆಯೊಂದನ್ನು ಕೊಟ್ಟಳು. "ನಿಮ್ಮ ಊರಿಗೆ ಹೋಗೂದರಿ. ಟಪಾಲಿಗೆ ಹಾಕಂತ ನನ್ನ ಕೈಯಾಗ ಕೊಟ್ಟಿದ್ರು, ಗಡಿಬಿಡ್ಯಾಗ ಉಳೀತು."

ಬ್ಯಾಡಗಿಗೆ ಬಂದು ಸ್ನಾನ ಮಾಡಿ, ಕಾಳು ಸುಲಿದು ಕುಟ್ಟಿ ಹಾಲಿಗೆ ಹಾಕಿದೆ. ಬಟ್ಟಲುಗಳನ್ನು ಜೋಡಿಸುವಾಗ ಅಪ್ಪ ಬಂದು ನಿಂತ.

"ನಮ್ಮವ್ವಂದು ಇಟ್ಟಿಯೇನು?"

"ಇಟ್ಟೇನಿ."

"ಸ್ವಾಮ್ಯಾರದು?"

"ಒಂಬತ್ತ ಕಾಳಪ್ಪಾ ಬಂದದ್ದು."

"ಹಾಲ ಐತಲ್ಲ, ಇನ್ನೊಂದ ಬಟ್ಟಲಿಗೆ ಹಾಕು."

ಹಾಕಿದೆ. ಎಲ್ಲರೂ ಕುಡಿದರು. ಅಜ್ಜಿಯ ಪಾಲನ್ನು ನಾನು ಕುಡಿದೆ. ಫಾದರ್ ಪಾಲಿನ ಬಟ್ಟಲನ್ನು ಅಪ್ಪ ತಾನೇ ಎತ್ತಿಕೊಂಡ. ಕುಡಿದು ಮುಗಿಸಿ, ಅದಕ್ಕೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನೂ ಕುಡಿದ.